ಆ ಫೋನಿನ ಮುಂದೆ ಯಾರೂ ಒಂಟಿಯಾಗಿ ಕೂರಬಾರದು: ಉತ್ತರ ವಲಯದ ಐಜಿಪಿಯವರಿಗೂ ನನ್ನ ಜಿಲ್ಲೆಯ ಜನರಿಗೂ ಒಂದು ಬಹಿರಂಗ ಪತ್ರ

ಪೊಲೀಸ್ ಮಹಾನಿರೀಕ್ಷಕರು, ಉತ್ತರ ವಲಯ, ಬೆಳಗಾವಿ ಇವರಿಗೆ, ಹಾಗೂ ವಿಜಯಪುರ ಜಿಲ್ಲೆಯ ನನ್ನ ಬಂಧುಗಳಿಗೆ,

ಮಾನ್ಯರೇ,

ನಾನು ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರ. ಏಳು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ನನ್ನ ತಮ್ಮನನ್ನು ಹಣಕ್ಕಾಗಿ ಎತ್ತಿಕೊಂಡು ಹೋಗಿದ್ದರು. ಮಹಾರಾಷ್ಟ್ರದ ತಾಸಗಾಂವದ ಅಡತಿ ಅಂಗಡಿಯಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ಲೆಕ್ಕ ಮುಗಿಸಿಕೊಂಡು ಸಂಜೆ ಹೊರಟವನು ಜತ್ತ ದಾಟಿದ ಮೇಲೆ ಮನೆಗೆ ಫೋನು ಮಾಡಿ, ‘ರೊಟ್ಟಿ ಬಿಸಿ ಇರಲಿ, ಒಂದು ತಾಸಿನಲ್ಲಿ ಬರುತ್ತೇನೆ’ ಎಂದಿದ್ದ. ಬಂದದ್ದು ಐದನೆಯ ದಿನ ನಸುಕಿನಲ್ಲಿ. ನಡುವಿನ ಆ ನಾಲ್ಕು ರಾತ್ರಿ ನಮ್ಮ ಪಡಸಾಲೆಯಲ್ಲಿ ನಡೆದದ್ದನ್ನು ನಾವು ಊರಿಗೆ ಹೇಳಿರಲಿಲ್ಲ. ಪ್ರಕರಣ ನ್ಯಾಯಾಲಯದಲ್ಲಿ ಮುಗಿದಿದೆ, ಬರೆಯಲು ತಮ್ಮನೂ ಒಪ್ಪಿದ್ದಾನೆ.

ಈಗಲೇ ಬರೆಯುವುದಕ್ಕೆ ಒಂದು ಕಾರಣವಿದೆ. ಹೋದ ತಿಂಗಳು ನಡುರಾತ್ರಿ ನಮ್ಮ ಓಣಿಯ ಗಂಡ ಹೆಂಡತಿ ಬಂದು ಬಾಗಿಲು ಬಡಿದರು. ಪುಣೆಯಲ್ಲಿ ಓದುತ್ತಿರುವ ಅವರ ಮಗ ತಮ್ಮ ಕೈಯಲ್ಲಿದ್ದಾನೆ, ಬೆಳಗಾಗುವುದರೊಳಗೆ ಮೂರು ಲಕ್ಷ ಹಾಕಬೇಕು ಎಂದು ಯಾರೋ ಫೋನು ಮಾಡಿದ್ದರು. ಹಿಂದೆ ಹುಡುಗ ‘ಅಪ್ಪಾ, ಅಪ್ಪಾ’ ಎಂದು ಅಳುವ ಧ್ವನಿಯೂ ಕೇಳಿಸಿತ್ತಂತೆ. ಅವರು ಠಾಣೆಗೆ ಹೋಗಲಿಲ್ಲ, ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಲಿಲ್ಲ. ‘ನಿಮಗೆ ಅನುಭವ ಇದೆಯಲ್ಲ’ ಎಂದು ನನ್ನ ಬಳಿ ಬಂದರು. ಇಷ್ಟು ದೊಡ್ಡ ಜಿಲ್ಲೆಯಲ್ಲಿ, ಇಷ್ಟೊಂದು ಪೊಲೀಸ್ ಠಾಣೆಗಳಿರುವಾಗ, ಒಬ್ಬ ತಾಯಿ ತನ್ನ ಮಗನಿಗಾಗಿ ನನ್ನಂಥ ಬೆಳೆಗಾರನ ಬಾಗಿಲು ಬಡಿಯಬೇಕಾಯಿತಲ್ಲ ಎಂದು ಅಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹುಡುಗನಿಗೆ ಏನೂ ಆಗಿರಲಿಲ್ಲ. ಫೋನು ಆರಿಸಿಟ್ಟು ಮಲಗಿದ್ದ. ಜತೆಯಲ್ಲಿರುವ ಹುಡುಗನಿಗೆ ಕರೆ ಮಾಡಿಸಿ ಎಬ್ಬಿಸಿದೆವು. ಆ ಕರೆ ಸುಳ್ಳಾಗಿತ್ತು. ಆದರೆ ಆ ತಾಯಿಯ ಕೈ ನಡುಗುತ್ತಿದ್ದದ್ದು ಸುಳ್ಳಲ್ಲ.

ನಮ್ಮ ಮನೆಗೆ ಬಂದ ಕರೆ ಸುಳ್ಳಾಗಿರಲಿಲ್ಲ. ರಾತ್ರಿ 9.40. ತಮ್ಮನ ನಂಬರಿನಿಂದಲೇ ಬಂತು, ಮಾತನಾಡಿದವನು ಬೇರೆ. ‘ಐವತ್ತು ಲಕ್ಷ. ಪೊಲೀಸರಿಗೆ ಹೇಳಿದರೆ ಹೆಣ ಕಳಿಸುತ್ತೇವೆ.’ ನಾನು ಒಂದೇ ಉಸಿರಿನಲ್ಲಿ, ‘ಕೊಡುತ್ತೇವೆ, ಎಷ್ಟಾದರೂ ಕೊಡುತ್ತೇವೆ, ಅವನನ್ನು ಮುಟ್ಟಬೇಡಿ’ ಎಂದೆ. ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನು ಬಂತು. ಈಗ ಒಂದು ಕೋಟಿ. ನನ್ನ ಆ ಒಂದು ಮಾತೇ ಅವರಿಗೆ ‘ಕಡಿಮೆ ಕೇಳಿದೆವು’ ಎಂದು ತಿಳಿಸಿಕೊಟ್ಟಿತ್ತು. ಅಣ್ಣನಾದವನ ಬಾಯಲ್ಲಿ ಬೇರೆ ಯಾವ ಮಾತು ಬಂದೀತು ಎಂದು ಇವತ್ತಿಗೂ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಆ ಮಾತಿನಿಂದ ತಮ್ಮನ ಸಂಕಟದ ದಿನ ಹೆಚ್ಚಾದವು ಎಂಬುದೂ ನಿಜ.

ಹನ್ನೊಂದು ಗಂಟೆಗೆ ಠಾಣೆಯಲ್ಲಿದ್ದೆವು. ಯಾವ ಠಾಣೆ ಎಂದು ಹೇಳುವುದಿಲ್ಲ. ಅಲ್ಲಿದ್ದವರೆಲ್ಲ ಈಗ ವರ್ಗವಾಗಿ ಹೋಗಿದ್ದಾರೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಯಾರದಾದರೂ ಸಾಲ ಬಾಕಿ ಇತ್ತೇ?’ ಎರಡನೆಯದು, ‘ಗಾಡಿ ಎಲ್ಲಿ ಸಿಕ್ಕಿತು?’ ತಮ್ಮನ ಗಾಡಿ ಗಡಿಯ ಆಚೆ, ರಸ್ತೆಯ ಪಕ್ಕದ ಜಾಲಿ ಗಿಡದ ಕೆಳಗೆ ಬಾಗಿಲು ತೆರೆದುಕೊಂಡು ನಿಂತಿತ್ತು. ‘ಹಾಗಾದರೆ ಅದು ಮಹಾರಾಷ್ಟ್ರದ ಸರಹದ್ದು, ಅಲ್ಲಿ ಕೊಡಿ’ ಎಂದರು. ಅಲ್ಲಿಗೆ ಹೋದರೆ, ‘ಫೋನು ಬಂದದ್ದು ಕರ್ನಾಟಕಕ್ಕೆ, ಮನುಷ್ಯ ಕರ್ನಾಟಕದವನು’ ಎಂದರು. ಎಫ್‌ಐಆರ್ ಆದದ್ದು ಮರುದಿನ ಮಧ್ಯಾಹ್ನ ಎರಡಕ್ಕೆ. ಮೊದಲ ಕರೆಯಿಂದ ಲೆಕ್ಕ ಹಾಕಿದರೆ ಹದಿನಾರು ತಾಸು ಮೀರಿತ್ತು. ಅಷ್ಟೂ ಹೊತ್ತು ಆ ಫೋನಿನ ಮುಂದೆ ಕೂತಿದ್ದವರು ನಾನು, ನಮ್ಮ ಅವ್ವ ಮತ್ತು ತಮ್ಮನ ಹೆಂಡತಿ.

ಮಾನ್ಯರೇ, ಈ ಪತ್ರದ ಅರ್ಧ ಇರುವುದೇ ಆ ಹದಿನಾರು ತಾಸಿನ ಸಲುವಾಗಿ. ಇವತ್ತು ಆ ನೆಪ ಹೇಳಲು ಕಾನೂನಿನಲ್ಲಿ ಜಾಗವಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ತಾವೇ ತನಿಖೆಗೆ ಇಳಿಯಬಹುದಾದ ಅಪರಾಧದ, ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿಯೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಬಂದ ಠಾಣೆಯಲ್ಲೇ ದೂರು ಬರೆದುಕೊಳ್ಳಬೇಕು ಎನ್ನುತ್ತದೆ. ಜನ ಅದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ. ಠಾಣೆಯವರು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಕಣ್ಣು ಕೆಂಪಾಗಿ ಬಂದು ನಿಂತ ಮನುಷ್ಯನಿಗೆ ಕಲಂ ಸಂಖ್ಯೆ ನೆನಪಿರುವುದಿಲ್ಲ. ಅದು ನೆನಪಿರಬೇಕಾದದ್ದು ಮೇಜಿನ ಆಚೆ ಕೂತವರಿಗೆ. ಗಡಿಗೆ ಹತ್ತಿದ ನಿಮ್ಮ ಪ್ರತಿ ಠಾಣೆಯ ಗೋಡೆಯ ಮೇಲೂ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಸಾಂಗಲಿ, ಸೊಲ್ಲಾಪುರ, ಕೊಲ್ಹಾಪುರದ ಅಧಿಕಾರಿಗಳ ಜತೆ ಕೂತು, ಇಂಥ ಕರೆ ಬಂದ ಕೂಡಲೇ ಯಾರು ಯಾರಿಗೆ ಫೋನು ಮಾಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಎತ್ತಿಕೊಂಡು ಹೋಗುವವನಿಗೆ ಗಡಿ ಎಂದರೆ ಅರ್ಧ ತಾಸಿನ ದಾರಿ. ನಮಗೆ ಮಾತ್ರ ಅದು ಗೋಡೆಯಾಗಬಾರದು.

ಇನ್ನರ್ಧ, ಆ ಮಧ್ಯಾಹ್ನದ ನಂತರ ಬಂದ ಒಬ್ಬ ಸಬ್ ಇನ್ಸ್‌ಪೆಕ್ಟರ್ ಸಲುವಾಗಿ.

ಅವರು ಜೀಪಿನಲ್ಲಿ ಬರಲಿಲ್ಲ. ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ಒಂದು ಚೀಲ ಹಿಡಿದು ಬಸ್ಸಿನಿಂದ ಇಳಿದು ನಡೆದು ಬಂದರು. ಓಣಿಯವರು ಕೇಳಿದರೆ ಸೊಲ್ಲಾಪುರದ ಮಾವ ಎಂದು ಹೇಳಿ ಎಂದರು. ಒಳಗೆ ಬಂದವರು ಮೊದಲು ಅವ್ವನ ಕಾಲಿಗೆ ನಮಸ್ಕರಿಸಿ, ‘ಅವ್ವಾ, ಚಹಾ ಮಾಡಿಸಿ, ಎಲ್ಲರೂ ಕುಡಿಯೋಣ’ ಎಂದರು. ಮನೆಯಲ್ಲಿ ಹದಿನೆಂಟು ತಾಸಿನಿಂದ ಒಲೆ ಹೊತ್ತಿರಲಿಲ್ಲ.

ಆಮೇಲೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. ‘ನೀವು ಮಾತನಾಡಬೇಡಿ ಯಜಮಾನರೇ. ನೀವು ನಿರ್ಧಾರ ಮಾಡುವವರು. ನಿರ್ಧಾರ ಮಾಡುವವರು ಫೋನು ಎತ್ತಬಾರದು’ ಎಂದರು. ನಮ್ಮ ಚಿಕ್ಕಪ್ಪನ ಮಗ ಶಾಲಾ ಮಾಸ್ತರ, ದನಿ ಏರಿಸದ ಮನುಷ್ಯ. ಅವನನ್ನು ಕೂರಿಸಿದರು. ಫೋನಿನ ಆಚೆಯವರು ಏನು ಕೇಳಿದರೂ ಅವನದು ಒಂದೇ ಉತ್ತರ: ‘ಅಣ್ಣನನ್ನು ಕೇಳಿ ಹೇಳುತ್ತೇನೆ.’ ಆ ಒಂದು ಮಾತಿನಿಂದ ಪ್ರತಿ ಸಲವೂ ಎರಡು ಮೂರು ತಾಸು ಸಿಗುತ್ತಿತ್ತು. ಮೊಬೈಲ್ ಗೋಪುರದ ಜಾಡು ಹಿಡಿಯುವವರಿಗೆ, ದಾರಿಯ ಸಿಸಿಟಿವಿ ನೋಡುವವರಿಗೆ ಬೇಕಾಗಿದ್ದದ್ದು ಆ ತಾಸುಗಳೇ. ಇಲ್ಲ ಎನ್ನಬಾರದು, ಆಗಲಿ ಎಂದು ಬಿಡಲೂಬಾರದು, ಬೈಯಬಾರದು, ಸುಳ್ಳು ಆಣೆ ಇಡಬಾರದು. ಮಾಸ್ತರ ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಂಡಿದ್ದ.

ತಮ್ಮನ ಮಗಳು ಆಗ ಒಂಬತ್ತನೆಯ ತರಗತಿ. ಅವಳ ಕೈಗೆ ಒಂದು ನೋಟುಪುಸ್ತಕ ಕೊಟ್ಟರು. ಕರೆ ಬಂದ ಗಂಟೆ, ಎಷ್ಟು ನಿಮಿಷ, ಅವರು ಆಡಿದ ಶಬ್ದ ಇದ್ದ ಹಾಗೆಯೇ, ಹಿಂದೆ ಕೇಳಿಸಿದ ಸಪ್ಪಳ. ಮಗುವಿಗೆ ಇಂಥ ಕೆಲಸವೇ ಎಂದು ನನಗೆ ಕಸಿವಿಸಿಯಾಯಿತು. ‘ಸುಮ್ಮನೆ ಅಳುತ್ತ ಕೂರುವುದಕ್ಕಿಂತ ಅಪ್ಪನಿಗಾಗಿ ಏನಾದರೂ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಲಿ’ ಎಂದರು. ಎರಡನೆಯ ರಾತ್ರಿಯ ಹಾಳೆಯಲ್ಲಿ ಅವಳು ಬರೆದಿದ್ದಾಳೆ: ‘10.52. ರೈಲಿನ ಸೀಟಿ. ಹತ್ತಿರದಲ್ಲೇ.’ ಮರುದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಸೀಟಿ. ಮಿರಜ್–ಪಂಢರಪುರ ಮಾರ್ಗದ ಬದಿಯ ಹೊಲಮನೆಗಳನ್ನು ಪೊಲೀಸರು ನೋಡತೊಡಗಿದ್ದು ಆ ಸಾಲಿನಿಂದ.

ಎಲ್ಲಕ್ಕಿಂತ ಮೊದಲು ಆ ಅಧಿಕಾರಿ ಕೇಳಿಸಿದ್ದು ನನ್ನ ತಮ್ಮ ಬದುಕಿದ್ದಾನೆಯೇ ಎಂಬ ಪ್ರಶ್ನೆ. ‘ಅವನ ದನಿ ಕೇಳಿಸಿ’ ಎಂದರೆ ಸಾಲದು, ದನಿಯನ್ನು ಮೊದಲೇ ಹಿಡಿದಿಟ್ಟುಕೊಂಡಿರಬಹುದು. ಅವನೊಬ್ಬನಿಗೇ ಗೊತ್ತಿರುವುದನ್ನು ಕೇಳಬೇಕು. ‘ನಮ್ಮ ಅಪ್ಪ ಕೊಂಡ ಮೊದಲ ಎತ್ತಿನ ಹೆಸರೇನು ಎಂದು ಅವನನ್ನು ಕೇಳಿ ಹೇಳಿ, ಆಮೇಲೆ ಹಣದ ಮಾತು’ ಎಂದ ಮಾಸ್ತರ. ಆಚೆಯವನು ಹೊಲಸು ಬೈದು ಫೋನು ಇಟ್ಟ. ಅವ್ವ ದೇವರ ಕೋಣೆಗೆ ಹೋಗಿ ಕೂತಳು. ಒಂದು ತಾಸು ಹತ್ತು ನಿಮಿಷ ಕಳೆದ ಮೇಲೆ ಕರೆ ಬಂತು. ‘ಕೆಂಚ ಅಂತೆ. ಬಲಗಡೆಯ ಕೊಂಬು ಮುರಿದಿತ್ತಂತೆ.’ ಕೊಂಬಿನ ಮಾತು ನಾವು ಕೇಳಿರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ನಕ್ಕರು. ‘ಜೀವಂತ ಇದ್ದಾನೆ ಅವ್ವಾ. ತಲೆಯೂ ನೆಟ್ಟಗೆ ಇದೆ.’ ಹದಿನೆಂಟು ವರ್ಷದ ಹಿಂದೆ ಸತ್ತ ಎತ್ತು ಅಂದು ನಮ್ಮ ಮನೆಗೆ ಜೀವ ತಂದುಕೊಟ್ಟಿತು.

ಹಣದ ವಿಷಯವನ್ನೂ ಮುಚ್ಚಿಡುವುದಿಲ್ಲ. ಕೊಡಲಿಲ್ಲ ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಕೊಟ್ಟೆವು. ನಾಲ್ಕು ಲಕ್ಷ ಎಂದು ಮೊದಲು ಹೇಳಿ, ಆಮೇಲೆ ಆರು, ಆಮೇಲೆ ಏಳು, ಏಳೂವರೆ, ಕೊನೆಗೆ ಏಳು ಲಕ್ಷ ಅರವತ್ತೆರಡು ಸಾವಿರ. ಪ್ರತಿ ಸಲವೂ ಏರಿಕೆ ಸಣ್ಣದಾಗುತ್ತ ಬರಬೇಕು, ಕೊನೆಯ ಮೊತ್ತ ಚಿಲ್ಲರೆಯಲ್ಲಿರಬೇಕು. ಆಗ ಪೆಟ್ಟಿಗೆಯ ತಳ ಕಂಡಿತು ಎಂದು ಅವರಿಗೆ ತಾನಾಗಿಯೇ ತಿಳಿಯುತ್ತದೆ ಎಂದು ಅಧಿಕಾರಿ ವಿವರಿಸಿದ್ದರು. ಆ ಅರವತ್ತೆರಡು ಸಾವಿರ ಅವ್ವನ ಬಿಲ್ವಾರ ಬಳೆ ಅಡವಿಟ್ಟು ತಂದದ್ದು. ನೋಟುಗಳ ನಂಬರು ತೆಗೆದುಕೊಂಡೇ ಚೀಲ ಕಟ್ಟಿದ್ದರು. ನನ್ನ ತಮ್ಮ ಮನೆ ಸೇರಿದ ಮೂರು ವಾರದಲ್ಲಿ ನಾಲ್ವರು ಸಿಕ್ಕಿಬಿದ್ದರು, ಹಣದ ಹೆಚ್ಚಿನ ಪಾಲು ಮರಳಿತು. ಪೊಲೀಸರಿಗೆ ಗೊತ್ತಿಲ್ಲದ ಹಾಗೆ ಕೊಟ್ಟಿದ್ದರೆ ಹಣವೂ ಬರುತ್ತಿರಲಿಲ್ಲ, ಮರುವರ್ಷ ಮಣೂಕದ ಹಂಗಾಮಿಗೆ ಅವರೇ ಮತ್ತೆ ಫೋನು ಮಾಡುತ್ತಿದ್ದರು.

ಇದೆಲ್ಲ ಆಗುತ್ತಿರುವಾಗ ಮೂರನೆಯ ದಿನ ಒಂದು ಸುದ್ದಿ ವಾಹಿನಿಯವರು ನಮ್ಮ ತೋಟದ ಮುಂದೆ ಕ್ಯಾಮೆರಾ ಹಿಡಿದು ನಿಂತರು. ‘ಕೋಟ್ಯಧಿಪತಿ ಬೆಳೆಗಾರನ ಅಪಹರಣ, ಭೀಮಾ ತೀರದಲ್ಲಿ ಮತ್ತೆ ನಡುಕ.’ ನಮ್ಮದು ಡೋಣಿ ದಂಡೆ, ಭೀಮೆ ಎಲ್ಲಿಯೋ. ‘ಭೀಮಾ ತೀರದ ಹಂತಕರು’ ಎಂಬ ಹಣೆಪಟ್ಟಿ ಹೊತ್ತು ಆ ನದಿಯ ಕಡೆಯ ಇಂಡಿ, ಚಡಚಣದ ಒಳ್ಳೆಯ ಜನ ಎಷ್ಟು ನೊಂದಿದ್ದಾರೆಂದು ನಮ್ಮ ಬೀಗರ ಮನೆಗಳಲ್ಲಿ ಕಂಡಿದ್ದೇನೆ. ಅದು ಹಾಗಿರಲಿ. ಅಂದು ಸಂಜೆ ಕರೆ ಮಾಡಿದವನು, ‘ಟಿವಿಯಲ್ಲಿ ನಿಮ್ಮ ತೋಟ ನೋಡಿದೆ, ಏಳು ಲಕ್ಷದ ಮಾತು ಬಿಡು’ ಎಂದ. ಎರಡು ದಿನ ಇಂಚು ಇಂಚಾಗಿ ಕಟ್ಟಿದ್ದು ಎರಡು ನಿಮಿಷದ ಸುದ್ದಿಯಲ್ಲಿ ಬಿದ್ದುಹೋಯಿತು. ಪತ್ರಕರ್ತ ಮಿತ್ರರೇ, ಮನುಷ್ಯ ಅವರ ಕೈಯಲ್ಲಿರುವ ತನಕ ದಯವಿಟ್ಟು ಸುಮ್ಮನಿರಿ. ಮನೆ ಸೇರಿದ ಮೇಲೆ ಪುಟಗಟ್ಟಲೆ ಬರೆಯಿರಿ, ನಾವೇ ಕರೆದು ಹೇಳುತ್ತೇವೆ. ಐಜಿಪಿ ಸಾಹೇಬರೇ, ಸುದ್ದಿ ಹೊರಗೆ ಬೀಳುವುದು ಬಹಳ ಸಲ ಠಾಣೆಯಿಂದಲೇ. ಅದನ್ನು ತಡೆಯುವುದು ನಿಮ್ಮ ಒಂದು ಆದೇಶದ ಕೆಲಸ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಒಯ್ದಾಗ ಸರ್ಕಾರವೇ ಸಂಧಾನಕಾರರನ್ನು ಕಾಡಿಗೆ ಕಳಿಸಿತು. 108 ದಿನದ ಮೇಲೆ ಅವರು ಮರಳಿ ಬಂದರು. ಎರಡು ವರ್ಷದ ನಂತರ, 2002ರ ಆಗಸ್ಟ್‌ನಲ್ಲಿ, ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಒಯ್ದಾಗ ಡಿಸೆಂಬರಿನಲ್ಲಿ ಸಿಕ್ಕಿದ್ದು ಅವರ ಶವ. ದೊಡ್ಡವರಿಗಾಗಿ ಮಾತನಾಡಲು ಜನ ಹೋಗುತ್ತಾರೆ. ಒಬ್ಬ ಮಣೂಕದ ವ್ಯಾಪಾರಿಗೆ, ಒಬ್ಬ ಬೆಲ್ಲದ ಗಾಣದವನಿಗೆ, ಒಬ್ಬ ಕಂತ್ರಾಟುದಾರನ ಮಗುವಿಗೆ ಯಾರು ಹೋಗುತ್ತಾರೆ? ನಮಗೆ ಒಬ್ಬ ಒಳ್ಳೆಯ ಅಧಿಕಾರಿ ಸಿಕ್ಕದ್ದು ನಮ್ಮ ಪುಣ್ಯ. ಮುಂದಿನ ಮನೆಯವರಿಗೂ ಪುಣ್ಯವೇ ಗತಿಯಾಗಬಾರದು. ನಿಮ್ಮ ವಲಯದ ಪ್ರತಿ ಜಿಲ್ಲೆಯಲ್ಲೂ ಇಂಥ ಮಾತುಕತೆಯಲ್ಲಿ ಪಳಗಿದ, ಸಮವಸ್ತ್ರ ಬಿಚ್ಚಿಟ್ಟು ಸಂತ್ರಸ್ತರ ಮನೆಯಲ್ಲಿ ಹಗಲು ರಾತ್ರಿ ಕೂರಬಲ್ಲ ಇಬ್ಬರು ಮೂವರನ್ನು ತಯಾರು ಮಾಡಿ. ಅದರಲ್ಲಿ ಒಬ್ಬರು ಮಹಿಳೆ ಇರಲಿ. ಮರಾಠಿ ಬಲ್ಲವರೂ ಇರಲಿ. ಬೆನ್ನಟ್ಟುವುದರಲ್ಲಿ ನಿಮ್ಮವರು ಹಿಂದಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಥಣಿಯಲ್ಲಿ ಹಾಡಹಗಲೇ ಮನೆಯಿಂದ ಎತ್ತಿಕೊಂಡು ಹೋದ ಇಬ್ಬರು ಪುಟ್ಟ ಮಕ್ಕಳನ್ನು ಸುರಕ್ಷಿತವಾಗಿ ಕರೆತಂದದ್ದನ್ನು ನಾವು ಮರೆತಿಲ್ಲ. ನಾನು ಕೇಳುತ್ತಿರುವುದು ಫೋನಿನ ಈಚೆ ಕೂರುವವರನ್ನು.

ಇನ್ನು ನನ್ನ ಜನರಿಗೆ ಎರಡು ಮಾತು.

ಪೊಲೀಸರಿಗೆ ಹೇಳಬೇಡ ಎಂದು ಅವರು ಹೆದರಿಸುವುದು ಪೊಲೀಸರಿಗೆ ಅವರು ಹೆದರುವುದರಿಂದ. ಮೊದಲ ಕರೆ ಮುಗಿದ ಕೂಡಲೇ ಬೇರೆ ಫೋನಿನಿಂದ 112ಕ್ಕೆ ತಿಳಿಸಿ. ಮಕ್ಕಳ ವಿಷಯವಾದರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಕರೆ ಬಂದ ಫೋನನ್ನು ಖಾಲಿ ಇಡಿ, ಚಾರ್ಜಿನಲ್ಲಿಡಿ, ಕರೆಗಳನ್ನು ರೆಕಾರ್ಡ್ ಮಾಡಿ, ಯಾವುದನ್ನೂ ಅಳಿಸಬೇಡಿ. ಇದು ಜೀವ ಉಳಿಸುವುದಕ್ಕೆ ಮಾತ್ರವಲ್ಲ, ಶಿಕ್ಷೆಗೂ ಬೇಕು. ಹಣಕ್ಕಾಗಿ ಅಪಹರಿಸಿದವನಿಗೆ ಹಿಂದಿನ ದಂಡ ಸಂಹಿತೆಯ 364ಎ, ಈಗಿನ ನ್ಯಾಯ ಸಂಹಿತೆಯ 140(2) ಮರಣದಂಡನೆ ಅಥವಾ ಜೀವಾವಧಿ ವಿಧಿಸುತ್ತದೆ. ಆದರೆ ಎತ್ತಿಕೊಂಡು ಹೋದ, ಹಣ ಕೇಳಿದ ಎಂದಷ್ಟೇ ತೋರಿಸಿದರೆ ಸಾಲದು, ಕೊಲ್ಲುವ ಅಥವಾ ಗಾಯಪಡಿಸುವ ಬೆದರಿಕೆ ಇಲ್ಲವೇ ಅಂಥ ಭಯ ಹುಟ್ಟಿಸುವ ನಡತೆ ಇತ್ತೆಂಬುದೂ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೆಲಂಗಾಣದ ಒಂದು ಪ್ರಕರಣದಲ್ಲಿ ಹೇಳಿದೆ. ಆ ಬೆದರಿಕೆ ಇರುವುದು ನಿಮ್ಮ ಫೋನಿನಲ್ಲಿಯೇ.

ಎತ್ತಿಕೊಂಡು ಹೋದವರಿಗೆ ನನ್ನ ತಮ್ಮನ ಸುಳಿವು ಕೊಟ್ಟವನು ಎರಡು ಹಂಗಾಮು ನಮ್ಮ ಗಾಡಿ ಓಡಿಸಿದವನು. ಜಗಳವಾಗಿ ಬಿಟ್ಟವನಲ್ಲ, ನಮ್ಮ ಮನೆಯಲ್ಲಿ ಉಂಡವನು. ಯಾವ ದಿನ ಲೆಕ್ಕ ಚುಕ್ತಾ, ಯಾವ ದಾರಿ, ಎಲ್ಲಿ ಚಹಾಕ್ಕೆ ನಿಲ್ಲುತ್ತಾನೆ ಎಲ್ಲವೂ ಅವನಿಗೆ ಬಾಯಿಪಾಠ. ಎಲ್ಲರನ್ನೂ ಸಂಶಯದಿಂದ ನೋಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ದುಡಿಯುವವರ ಮೇಲೆ ನಂಬಿಕೆ ಇಲ್ಲದೆ ಒಕ್ಕಲುತನ ನಡೆಯದು. ಆದರೆ ದಿನವನ್ನು ಬದಲಿಸಿ, ದಾರಿಯನ್ನು ಬದಲಿಸಿ, ಒಬ್ಬರೇ ಹೋಗಬೇಡಿ, ಹಣವನ್ನು ಬ್ಯಾಂಕಿನ ಮೂಲಕವೇ ತರಿಸಿ. ಹೊಲ ಮಾರಿದ್ದನ್ನು, ಹೊಸ ಗಾಡಿ ತಂದದ್ದನ್ನು, ಎಲ್ಲರೂ ಊರು ಬಿಟ್ಟು ಜಾತ್ರೆಗೆ ಹೋದದ್ದನ್ನು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಹಾಕಬೇಡಿ. ಸೊಂಟದಲ್ಲಿ ಪಿಸ್ತೂಲು ಇದ್ದರೆ ಧೈರ್ಯ ಎನ್ನುವವರಿಗೆ ತಮ್ಮನ ಮಾತನ್ನೇ ಹೇಳುತ್ತೇನೆ: ‘ಮೂವರು ಒಮ್ಮೆಲೇ ಬಾಗಿಲು ತೆರೆದರು ಅಣ್ಣಾ. ಕೈಯಲ್ಲಿ ಇದ್ದಿದ್ದರೆ ನನ್ನದರಿಂದಲೇ ನನ್ನನ್ನು ಕೊಲ್ಲುತ್ತಿದ್ದರು.’

ಅವರ ಕೈಯಲ್ಲಿದ್ದಾಗ ನನ್ನ ತಮ್ಮ ಮಾಡಿದ್ದನ್ನೂ ಬರೆಯುತ್ತೇನೆ. ಎಳೆದುಕೊಂಡ ಮೇಲೆ ಸೆಣಸಲಿಲ್ಲ. ಕಣ್ಣು ಕಟ್ಟಿದ್ದರು, ಬಿಚ್ಚಿದಾಗಲೂ ನೆಲ ನೋಡಿದ. ರಕ್ತದೊತ್ತಡದ ಮಾತ್ರೆ ಬೇಕು ಎಂದು ಮೆಲ್ಲಗೆ ಕೇಳಿ ತರಿಸಿಕೊಂಡ. ಕೊಟ್ಟದ್ದನ್ನು ಉಂಡ. ಮಗಳ ಹೆಸರು ಹೇಳಿ ಮಾತನಾಡುತ್ತಿದ್ದ, ತಾನೊಬ್ಬ ತಂದೆ ಎಂದು ಅವರಿಗೆ ಮರೆಯದಿರಲಿ ಎಂದು. ಎರಡನೆಯ ದಿನ ಹೊರಗಿನಿಂದ ಬಂದ ಒಂದು ಕೆಮ್ಮನ್ನು ಕೇಳಿ ಅದು ನಮ್ಮ ಹಳೆಯ ಚಾಲಕನದು ಎಂದು ಗುರುತು ಹಿಡಿದ. ಗುರುತು ಹಿಡಿದದ್ದನ್ನು ಉಸಿರಿನಲ್ಲೂ ತೋರಿಸಲಿಲ್ಲ. ಅದೇ ತನ್ನನ್ನು ಉಳಿಸಿತು ಎನ್ನುತ್ತಾನೆ. ಪೊಲೀಸರು ನುಗ್ಗಿದರೆ ಓಡದೆ, ಕೈ ಕಾಣುವಂತೆ ನೆಲಕ್ಕೆ ಒರಗಬೇಕು ಎಂದು ಆಮೇಲೆ ಅಧಿಕಾರಿ ಹೇಳಿದರು. ನುಗ್ಗುವವರಿಗೆ ಆ ಗಳಿಗೆಯಲ್ಲಿ ಯಾರು ಯಾರೆಂದು ಗೊತ್ತಾಗುವುದಿಲ್ಲ.

ನಮ್ಮ ಓಣಿಗೆ ಬಂದಂಥ ಸುಳ್ಳು ಕರೆಗಳು ಈಗ ಹೆಚ್ಚು. ದನಿಯನ್ನು ಕಂಪ್ಯೂಟರಿನಲ್ಲೇ ತಯಾರಿಸುತ್ತಾರೆ. ಪೊಲೀಸರ ವೇಷ ಹಾಕಿ ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಬಂಧನ’ ಎಂದು ಮನೆಯೊಳಗೇ ಕೂಡಿಹಾಕುತ್ತಾರೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮತ್ತು ಪ್ರತಿ ಮನೆಯಲ್ಲೂ ಒಂದು ಗುಟ್ಟಿನ ಮಾತು ಇರಲಿ. ಶಾಲೆಯಿಂದ ಕರೆದೊಯ್ಯಲು ಬಂದ ಅಪರಿಚಿತನನ್ನು ಮಗು ಆ ಮಾತು ಕೇಳಲಿ. ಅಳುವ ದನಿ ಬಂದರೆ ನೀವು ಕೇಳಿ. ನಮ್ಮ ಮನೆಯಲ್ಲಿ ಅದು ಈಗ ಕೆಂಚ ಅಲ್ಲ, ಬೇರೆ ಇಟ್ಟುಕೊಂಡಿದ್ದೇವೆ.

ಹೆದರಿಕೆ ಇನ್ನೊಂದು ಕಡೆಗೂ ಹರಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ವಿಜಯಪುರದಿಂದ ಪಂಢರಪುರದ ಕಡೆ ಹೊರಟಿದ್ದ ನಾಲ್ವರು ಸಾಧುಗಳನ್ನು ಜತ್ತ ತಾಲೂಕಿನ ಲವಂಗಾದಲ್ಲಿ ಮಕ್ಕಳ ಕಳ್ಳರೆಂದು ಬಡಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಇದೇ ಸಂಶಯದಿಂದ ಕೊಂದೇಬಿಟ್ಟರು. ಅವರ ಜತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪ. ನನ್ನ ತಮ್ಮನನ್ನು ಎತ್ತಿಕೊಂಡು ಹೋದವರು ಅಪರಿಚಿತ ಸಾಧುಗಳಾಗಿರಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ನೋಡಿ ಕೈ ಎತ್ತಬೇಡಿ, ಠಾಣೆಗೆ ತಿಳಿಸಿ.

ಮಾನ್ಯರೇ, ತಮ್ಮ ಈಗಲೂ ರಾತ್ರಿ ಗಾಡಿ ಓಡಿಸುವುದಿಲ್ಲ. ಹಿಂದಿನಿಂದ ಬೈಕಿನ ಸಪ್ಪಳ ಬಂದರೆ ಮಾತು ನಿಲ್ಲಿಸುತ್ತಾನೆ. ಬಿಡಿಸಿ ತಂದ ಮೇಲೆ ಅವನ ಮನಸ್ಸಿನ ಆರೈಕೆಗೆ ಯಾರೂ ಬರಲಿಲ್ಲ, ಎಲ್ಲಿಗೆ ಹೋಗಬೇಕೆಂದು ನಮಗೂ ತಿಳಿದಿರಲಿಲ್ಲ. ಎರಡು ವರ್ಷದ ಮೇಲೆ ನಾವೇ ಮನೋವೈದ್ಯರ ಬಳಿ ಕರೆದುಕೊಂಡು ಹೋದೆವು. ಜಿಲ್ಲಾ ಆಸ್ಪತ್ರೆಗೆ ಒಂದು ಚೀಟಿ ಬರೆದು ಕಳಿಸುವುದನ್ನೂ ನಿಮ್ಮ ಕ್ರಮದಲ್ಲಿ ಸೇರಿಸಿ.

ಮಗಳು ಬರೆದ ಆ ನೋಟುಪುಸ್ತಕವನ್ನು ನ್ಯಾಯಾಲಯದಿಂದ ಮರಳಿ ಪಡೆದಿದ್ದೇವೆ. ಇಪ್ಪತ್ಮೂರು ಕರೆ, ನಲವತ್ತೊಂದು ಪುಟ. ಕೆಲವು ಕಡೆ ಶಾಯಿ ಹರಡಿದೆ, ಓದಲು ಬರುತ್ತದೆ. ನಿಮ್ಮ ಅಧಿಕಾರಿಗಳ ತರಬೇತಿಗೆ ಬೇಕಾದರೆ ಅದನ್ನು ಬೆಳಗಾವಿಗೆ ನಾನೇ ತರುತ್ತೇನೆ. ಅವಳೀಗ ಕಾನೂನು ಓದುತ್ತಿದ್ದಾಳೆ, ಜತೆಗೆ ಬರುತ್ತೇನೆ ಎಂದಿದ್ದಾಳೆ. ದಿನ ತಿಳಿಸಿ.

ತಮ್ಮ ವಿಶ್ವಾಸಿ,
ತಿಕೋಟಾ ತಾಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ